ಮಂಗಳವೇಢೆಯ ದಾಮಾಜಿಪಂತರು

ಸೊಲ್ಲಾಪುರ ಸೀಮೆಯ ಕನ್ನಡಿಗರಾದ ನಮಗೆ ಮಂಗಳವೇಢೆಯು ಕಲಚುರಿಗಳು ಆಳಿದ ಊರು. ದಾಮಾಜಿಪಂತರ ಊರೂ ಅದೇ. ಹದಿನೈದನೆಯ ಶತಮಾನದಲ್ಲಿ ಪಂತರು ಬೀದರದ ಬಹಮನಿ ಸುಲ್ತಾನರ ಅಧಿಕಾರಿಗಳಾಗಿದ್ದರು. ಅಲ್ಲಿನ ಸರಕಾರಿ ಕಣಜಗಳು ಅವರ ವಶದಲ್ಲಿದ್ದುವು. ಮಳೆ ತಪ್ಪಿ ಘೋರ ಕ್ಷಾಮ ತಲೆದೋರಿತು. ದೊರೆಯ ಧಾನ್ಯವನ್ನು ಅಪ್ಪಣೆಯಿಲ್ಲದೆ ಮುಟ್ಟಿದರೆ ಪ್ರಾಣಕ್ಕೇ ಕುತ್ತು. ಆದರೂ ಅವರು ಕಣಜಗಳನ್ನು ತೆರೆಯಿಸಿ ಹಸಿದವರಿಗೆ ಹಂಚಿಸಿದರು. ಸುದ್ದಿ ಬೀದರಕ್ಕೆ ಮುಟ್ಟಿ, ಅವರನ್ನು ಹಿಡಿತರಲು ಆಜ್ಞೆಯಾಯಿತೆಂದೂ, ವಿಠ್ಠಲನೇ ವಿಠೂ ಮಹಾರನ ವೇಷದಿಂದ ಹೋಗಿ ಧಾನ್ಯದ ಬೆಲೆಯನ್ನು ಸಲ್ಲಿಸಿದನೆಂದೂ ಪರಂಪರೆಯ ಕಥೆ. 1762ರಲ್ಲಿ ಮಹೀಪತಿಯು ‘ಭಕ್ತವಿಜಯ’ದಲ್ಲಿ ಇದನ್ನು ಹಾಡಿದನು. ಆ ಪವಾಡಕ್ಕೆ ನಾವೂ ಕೈಮುಗಿಯುತ್ತೇವೆ. ಆದರೆ ಕಣಜದ ಬಾಗಿಲು ತೆರೆದ ಗಳಿಗೆಯಲ್ಲಿ, ಬೆಲೆ ಕೊಡುವವನೊಬ್ಬನು ಬರುವನೆಂಬುದು ಪಂತರಿಗೆ ತಿಳಿದಿರಲಿಲ್ಲ. ಅವರ ಹಿರಿಮೆ ಇರುವುದು ಅಲ್ಲಿಯೇ.