ಚಿಕ್ಕದೇವರಾಜ ಒಡೆಯರ್

ಚಿಕ್ಕದೇವರಾಜ ಒಡೆಯರ್ (22 ಸೆಪ್ಟೆಂಬರ್ 1645 – 16 ನವೆಂಬರ್ 1704) 1673ರಿಂದ 1704ರವರೆಗೆ ಮೈಸೂರು ರಾಜ್ಯವನ್ನು ಆಳಿದ ಅರಸು. ಶ್ರೀರಂಗಪಟ್ಟಣ ಈತನ ರಾಜಧಾನಿಯಾಗಿತ್ತು. ಮೈಸೂರಿನ ಕಂದಾಯ ಆಡಳಿತಕ್ಕೆ ಕ್ರಮಬದ್ಧವಾದ ರೂಪ ಕೊಟ್ಟವನು, ಅಠಾರಾ ಕಚೇರಿ ಎಂದು ಹೆಸರಾದ ಹದಿನೆಂಟು ಇಲಾಖೆಗಳನ್ನು ಏರ್ಪಡಿಸಿದವನು, ರಾಜ್ಯದಾದ್ಯಂತ ಅಂಚೆಯನ್ನು ಸ್ಥಾಪಿಸಿದವನು ಎಂದು ಈತನನ್ನು ಸ್ಮರಿಸಲಾಗುತ್ತದೆ. ಬೊಕ್ಕಸವನ್ನು ತುಂಬಿಸಿದ ಕಾರಣದಿಂದ ನವಕೋಟಿ ನಾರಾಯಣ ಎಂಬ ಬಿರುದು ಈತನಿಗೆ ಬಂದಿತು. ಅದೇ ಬೊಕ್ಕಸಕ್ಕಾಗಿ ಹೇರಿದ ತೆರಿಗೆಗಳಿಂದ ರೈತರ ದೊಡ್ಡ ಪ್ರತಿಭಟನೆಯೊಂದು ಎದ್ದಿತು. ಅದನ್ನು ಅಡಗಿಸಿದ ರೀತಿ ಈತನ ಆಳ್ವಿಕೆಯ ಕಪ್ಪು ಚುಕ್ಕೆಯಾಗಿ ಉಳಿದಿದೆ.

ಆರಂಭಿಕ ಜೀವನ

ಚಿಕ್ಕದೇವರಾಜನ ತಂದೆ ದೊಡ್ಡದೇವರಾಜ. ಹಿಂದಿನ ಅರಸ ದೇವರಾಜ ಒಡೆಯರ (1659–1673) ಆಳ್ವಿಕೆಯ ಕಾಲದಲ್ಲಿ ಚಿಕ್ಕದೇವರಾಜನು ರಾಜಧಾನಿಯಿಂದ ದೂರದಲ್ಲಿ, ಗುಂಡ್ಲುಪೇಟೆಯ ಸಮೀಪದ ಹಂಗಳದಲ್ಲಿ ಇರಬೇಕಾಯಿತು. ಆ ದಿನಗಳಲ್ಲಿ ಯಳಂದೂರಿನ ಜೈನ ವಿದ್ವಾಂಸ ವಿಶಾಲಾಕ್ಷ ಪಂಡಿತನ ಒಡನಾಟ ಆತನಿಗೆ ದೊರೆಯಿತು. ಮುಂದೆ ಪಟ್ಟಕ್ಕೆ ಬಂದಾಗ ಚಿಕ್ಕದೇವರಾಜನು ಈ ಪಂಡಿತನನ್ನೇ ಪ್ರಧಾನಿಯನ್ನಾಗಿ ಮಾಡಿಕೊಂಡನು. ಶ್ರೀವೈಷ್ಣವ ವಿದ್ವಾಂಸನಾದ ತಿರುಮಲಾರ್ಯನು ಬಾಲ್ಯದ ಸಹಪಾಠಿಯಾಗಿದ್ದನು. ಈ ಇಬ್ಬರೂ ಆತನ ಆಡಳಿತದ ಮೇಲೆ ಗಾಢವಾದ ಪ್ರಭಾವ ಬೀರಿದರು.

ರಾಜ್ಯವಿಸ್ತಾರ

1673ರ ಫೆಬ್ರವರಿ 28ರಂದು ಚಿಕ್ಕದೇವರಾಜನ ಪಟ್ಟಾಭಿಷೇಕ ನಡೆಯಿತು. ಆಗ ಮೈಸೂರಿನ ಸುತ್ತಲೂ ಬಲಿಷ್ಠ ಶಕ್ತಿಗಳಿದ್ದವು. ದಕ್ಷಿಣದಲ್ಲಿ ಮಧುರೆಯ ನಾಯಕರು, ಪಶ್ಚಿಮದಲ್ಲಿ ಇಕ್ಕೇರಿಯ ಅರಸರು, ಉತ್ತರದಲ್ಲಿ ಬಿಜಾಪುರದ ಅಧಿಕಾರಿಗಳು, ಬೆಂಗಳೂರಿನಲ್ಲಿ ಮರಾಠರ ಏಕೋಜಿ ಇದ್ದರು. 1686ರಲ್ಲಿ ಬಿಜಾಪುರವೂ 1687ರಲ್ಲಿ ಗೋಲ್ಕೊಂಡವೂ ಔರಂಗಜೇಬನ ವಶವಾದ ಮೇಲೆ ಮೊಗಲರು ಶಿರಾವನ್ನು ಕೇಂದ್ರವಾಗಿಟ್ಟುಕೊಂಡು ಹೊಸ ಸುಬಾ ರಚಿಸಿದರು. ಚಿಕ್ಕದೇವರಾಜನು ಮೊಗಲರೊಡನೆ ನೇರ ಯುದ್ಧಕ್ಕೆ ಹೋಗದೆ, ಅವರ ಸ್ನೇಹವನ್ನು ಉಳಿಸಿಕೊಂಡು, ಮರಾಠರನ್ನೂ ಪಾಳೆಯಗಾರರನ್ನೂ ಹಿಮ್ಮೆಟ್ಟಿಸುವ ನೀತಿಯನ್ನು ಅನುಸರಿಸಿದನು.

ಇಂದಿನ ತುಮಕೂರು ಜಿಲ್ಲೆಯ ಚಿಕ್ಕನಾಯಕನಹಳ್ಳಿ, ಕಂದಿಕೆರೆ, ತುರುವೇಕೆರೆ ಮೊದಲಾದ ಸ್ಥಳಗಳು ಮೈಸೂರಿಗೆ ಸೇರಿದ್ದು ಈ ಅವಧಿಯಲ್ಲಿ. ಚಿಕ್ಕನಾಯಕನಹಳ್ಳಿಯು ಹಾಗಲವಾಡಿ ಪಾಳೆಯಗಾರರ ಮನೆತನದ ಚಿಕ್ಕನಾಯಕನ ಹೆಸರಿನಿಂದ ಬಂದ ಊರು. ಪಾಳೆಯಗಾರರ ಕೈಯಲ್ಲಿದ್ದ ಇಂತಹ ಸೀಮೆಗಳು ರಾಜಧಾನಿಯ ಲೆಕ್ಕದ ವ್ಯಾಪ್ತಿಗೆ ಬಂದುದು ಈ ವಿಸ್ತರಣೆಯ ಮುಖ್ಯ ಫಲಗಳಲ್ಲಿ ಒಂದು. ಆಳ್ವಿಕೆಯ ಕೊನೆಯ ವೇಳೆಗೆ ರಾಜ್ಯವು ಉತ್ತರದಲ್ಲಿ ಮಿಡಗೇಶಿಯಿಂದ ದಕ್ಷಿಣದಲ್ಲಿ ಪಳನಿ, ಆನೆಮಲೆಗಳವರೆಗೆ, ಪಶ್ಚಿಮದಲ್ಲಿ ಕೊಡಗಿನ ಅಂಚಿನಿಂದ ಪೂರ್ವದಲ್ಲಿ ಬಾರಾಮಹಲಿನವರೆಗೆ ಹರಡಿತ್ತು.

ಬೆಂಗಳೂರಿನ ಖರೀದಿ

ಹಣಬಲದಿಂದ ರಾಜ್ಯವನ್ನು ಬೆಳೆಸಿದ್ದಕ್ಕೆ ಬೆಂಗಳೂರು ಉತ್ತಮ ಉದಾಹರಣೆ. ತಂಜಾವೂರಿನಲ್ಲಿ ನೆಲೆಸಿದ್ದ ಏಕೋಜಿಗೆ ದೂರದ ಬೆಂಗಳೂರನ್ನು ಕಾಯುವುದು ಹೊರೆಯಾಗಿತ್ತು. ಅದನ್ನು ಮೂರು ಲಕ್ಷ ರೂಪಾಯಿಗೆ ಮೈಸೂರಿಗೆ ಮಾರಲು ಆತ ಮಾತುಕತೆ ನಡೆಸಿದನು. ವ್ಯವಹಾರ ಮುಗಿಯುವ ಮೊದಲೇ, 1687ರ ಜುಲೈನಲ್ಲಿ, ಮೊಗಲ್ ಸೇನಾನಿ ಖಾಸಿಂ ಖಾನನು ಕೋಟೆಯನ್ನು ವಶಪಡಿಸಿಕೊಂಡನು. ಬಳಿಕ ಆತನೂ ಅದೇ ಮೂರು ಲಕ್ಷಕ್ಕೆ ಅದನ್ನು ಮೈಸೂರಿಗೆ ಬಿಟ್ಟುಕೊಟ್ಟನು. ಮಾರಾಟಗಾರ ಬದಲಾದರೂ ಬೆಲೆ ಬದಲಾಗಲಿಲ್ಲ. ನಗದು ಕೈಯಲ್ಲಿದ್ದ ಅರಸನಿಗೆ ಯುದ್ಧವಿಲ್ಲದೆ ಒಂದು ಕೋಟೆಯೂ ಪೇಟೆಯೂ ದೊರೆತವು.

ಕಂದಾಯ ಮತ್ತು ಖಜಾನೆಯ ಆಡಳಿತ

ಮೈಸೂರು ಅರಮನೆಯ ಚರಿತ್ರೆಗಳ ಪ್ರಕಾರ ಚಿಕ್ಕದೇವರಾಜನು ರಾಜ್ಯವನ್ನು 84 ಗಡಿಗಳಾಗಿ ವಿಂಗಡಿಸಿದನು. ಪ್ರತಿಯೊಂದು ಗಡಿಗೂ ಒಬ್ಬ ಸುಬೇದಾರನಿದ್ದನು. ಆತನ ಕೈಕೆಳಗೆ ಲೆಕ್ಕ ಬರೆಯುವ ಅಠವಣೆ ಗುಮಾಸ್ತರು, ಪತ್ರವ್ಯವಹಾರದ ರಾಯಸದವರು, ಹಣ ಕಾಯುವ ಗೊಲ್ಲ ಮುಂತಾದವರು ಕೆಲಸ ಮಾಡುತ್ತಿದ್ದರು. ಲೆಕ್ಕ ಬರೆಯುವವನು ಬೇರೆ, ಹಣ ಕಾಯುವವನು ಬೇರೆ ಎಂಬುದು ಈ ಏರ್ಪಾಡಿನಲ್ಲಿ ಗಮನಿಸಬೇಕಾದ ಅಂಶ. ಒಬ್ಬನ ತಪ್ಪು ಇನ್ನೊಬ್ಬನ ಕಡತದಲ್ಲಿ ಕಾಣಿಸಿಕೊಳ್ಳಲು ಇದರಿಂದ ಅವಕಾಶವಾಯಿತು. ಅಳತೆ ಮತ್ತು ತೂಕಗಳನ್ನೂ ಅರಸನು ಕ್ರಮಪಡಿಸಿದನು. ಧಾನ್ಯರೂಪದಲ್ಲಿ ಕಂದಾಯ ಬರುತ್ತಿದ್ದ ಕಾಲದಲ್ಲಿ ಕೊಳಗದ ಗಾತ್ರ ಊರಿಂದೂರಿಗೆ ಬೇರೆಯಾದರೆ ತೆರಿಗೆಯ ಪ್ರಮಾಣವೂ ಬೇರೆಯಾಗುತ್ತಿತ್ತು.

ನಾಣ್ಯ ವ್ಯವಹಾರಕ್ಕೆ ಕಂಠೀರವ ನರಸರಾಜ ಒಡೆಯರ (1638–1659) ಕಾಲದಲ್ಲಿ ಟಂಕಿಸಲಾದ ಕಂಠೀರಾಯ ಹಣವೇ ಆಧಾರವಾಗಿತ್ತು. ಹತ್ತು ಹಣಗಳನ್ನು ಒಂದು ಕಂಠೀರಾಯ ವರಹವೆಂದು ಎಣಿಸುತ್ತಿದ್ದರು. ಚಿಕ್ಕದೇವರಾಜನ ಕಾಲದ್ದೆನ್ನಲಾದ ಚಿನ್ನದ ವರಹದ ಮೇಲೆ ತಾಂಡವಕೃಷ್ಣನ ಚಿತ್ರವಿದೆ.

ಅಠಾರಾ ಕಚೇರಿ

1699ರಲ್ಲಿ ಚಿಕ್ಕದೇವರಾಜನು ಔರಂಗಜೇಬನ ಬಳಿಗೆ ರಾಯಭಾರವೊಂದನ್ನು ಕಳುಹಿಸಿದನು. 1700ರಲ್ಲಿ ಅದು ರಾಜಾ ಜಗದೇವ್ ಎಂಬ ಬಿರುದು ಮತ್ತು ಮುದ್ರೆಯೊಡನೆ ಹಿಂತಿರುಗಿತು. ಮೊಗಲರ ಆಡಳಿತ ಕ್ರಮವನ್ನು ತಿಳಿದ ಬಳಿಕ ಅರಸನು ಹದಿನೆಂಟು ಕಚೇರಿಗಳನ್ನು ಏರ್ಪಡಿಸಿದನೆಂದು ಪ್ರತೀತಿಯಿದೆ. ಇವುಗಳಲ್ಲಿ ಹಲವು ಚಾವಡಿಗಳು ಅದಕ್ಕೆ ಮೊದಲೇ ಇದ್ದು, ಅವುಗಳನ್ನು ಒಂದು ಚೌಕಟ್ಟಿಗೆ ತರಲಾಯಿತು ಎಂಬ ಅಭಿಪ್ರಾಯವೂ ಉಂಟು. ಮುಖ್ಯವಾದ ಕೆಲವು ಚಾವಡಿಗಳು ಹೀಗಿದ್ದವು:

ನಿರೂಪದ ಚಾವಡಿ: ಮನವಿಗಳನ್ನು ಪಡೆದು ಅರಸನ ಆಜ್ಞೆಗಳನ್ನು ಹೊರಡಿಸುವುದು.

ಆಯಕಟ್ಟು ಚಾವಡಿ: ಆದಾಯ ಮತ್ತು ಸೈನ್ಯದ ಒಟ್ಟು ಲೆಕ್ಕ.

ಮೈಸೂರು ಹೋಬಳಿ ಮತ್ತು ಪಟ್ಟಣ ಹೋಬಳಿ ಚಾವಡಿಗಳು: ಕಾವೇರಿಯ ಎರಡೂ ಕಡೆಯ ಸೀಮೆಗಳ ಕಂದಾಯ.

ಸೀಮೆ ಕಂದಾಚಾರ ಮತ್ತು ಬಾಗಿಲು ಕಂದಾಚಾರ: ಹೊರಗಿನ ಹಾಗೂ ರಾಜಧಾನಿಯ ದಂಡಿನ ಲೆಕ್ಕ.

ಸುಂಕದ ಚಾವಡಿ: ಸಾಗಾಟದ ಸರಕಿನ ಮೇಲಿನ ಸುಂಕ.

ದೇವಸ್ಥಾನದ ಚಾವಡಿ: ದೇವಾಲಯಗಳ ಆಯವ್ಯಯ.

ಕಬ್ಬಿಣದ ಚಾವಡಿ ಮತ್ತು ಹೊಗೆಸೊಪ್ಪಿನ ಚಾವಡಿ: ಕಬ್ಬಿಣ ಹಾಗೂ ಹೊಗೆಸೊಪ್ಪಿಗೆ ಸಂಬಂಧಿಸಿದ ವ್ಯವಹಾರ.

ಬೆಣ್ಣೆ ಚಾವಡಿ: ಅರಮನೆಯ ಗೋವುಗಳ ಪಾಲನೆ.

ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನನ ಕಾಲದಲ್ಲಿ ಅಮೃತ ಮಹಲ್ ಎಂಬ ಹೆಸರು ಬಂದಿತು. ತಿಪಟೂರು, ಚಿಕ್ಕನಾಯಕನಹಳ್ಳಿ ಭಾಗದ ಅಮೃತ ಮಹಲ್ ಕಾವಲುಗಳೂ ತಿಪಟೂರಿನ ಬಳಿಯ ಕೊನೇಹಳ್ಳಿಯ ತಳಿ ಕೇಂದ್ರವೂ ಆ ಪರಂಪರೆಯ ಗುರುತುಗಳಾಗಿವೆ.

ಅಂಚೆ

ರಾಜ್ಯದಾದ್ಯಂತ ಅಂಚೆಯ ವ್ಯವಸ್ಥೆಯನ್ನು ಮಾಡಿದ ಕೀರ್ತಿಯೂ ಈತನದು. ಅಂಚೆಯವರು ಕಾಗದಗಳನ್ನು ಸಾಗಿಸುವುದರ ಜೊತೆಗೆ ತಮ್ಮ ಸೀಮೆಯಲ್ಲಿ ನಡೆಯುವ ಸಂಗತಿಗಳನ್ನು ಅರಸನಿಗೆ ಗುಪ್ತವಾಗಿ ತಿಳಿಸಬೇಕಾಗಿತ್ತು. ದೂರದ ಸುಬೇದಾರ ಎಷ್ಟು ವಸೂಲು ಮಾಡಿದ, ಎಷ್ಟು ಕಳುಹಿಸಿದ ಎಂಬುದನ್ನು ಒರೆಹಚ್ಚಲು ಇದು ಸಾಧನವಾಯಿತು. ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಗುವವರೆಗೆ ಮುಂದುವರಿಯಿತು.

ಹೊಸ ತೆರಿಗೆಗಳು

ಬೆಳೆಯ ಆರನೆಯ ಒಂದು ಭಾಗ ಅರಸನಿಗೆ ಸಲ್ಲತಕ್ಕದ್ದು ಎಂಬುದು ಧರ್ಮಶಾಸ್ತ್ರದ ನಿಯಮ. ಈ ಪ್ರಮಾಣವನ್ನು ಬಹಿರಂಗವಾಗಿ ಮೀರಲು ಚಿಕ್ಕದೇವರಾಜನು ಇಚ್ಛಿಸಲಿಲ್ಲ. ಅದರ ಬದಲಿಗೆ ಸಣ್ಣಪುಟ್ಟ ಬಾಬುಗಳನ್ನು ಒಂದರ ಮೇಲೊಂದರಂತೆ ಸೇರಿಸಿದನು. ಮನೆಯ ನಿವೇಶನ, ಹುಲ್ಲು, ಕುರಿ, ಮದುವೆ ಮುಂತಾದವುಗಳ ಮೇಲೆ ತೆರಿಗೆಗಳು ಬಂದವು. ದೇವರಾಯ ವಟ್ಟ ಎಂಬ ಬಾಬು ಇವುಗಳ ಸ್ವರೂಪವನ್ನು ಚೆನ್ನಾಗಿ ತೋರಿಸುತ್ತದೆ. ಕಂದಾಯದ ಹಣದಲ್ಲಿ ಸವೆದ, ಕೆಟ್ಟ ನಾಣ್ಯಗಳು ಸೇರಿ ಖಜಾನೆಗೆ ನಷ್ಟವಾಗುತ್ತದೆಂಬ ಕಾರಣ ಕೊಟ್ಟು ಆ ವಟ್ಟವನ್ನು ರೈತನಿಂದಲೇ ವಸೂಲು ಮಾಡಲಾಯಿತು. ಕ್ರಮೇಣ, ನಾಣ್ಯ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದು ಕಾಯಂ ತೆರಿಗೆಯಾಗಿ ಉಳಿಯಿತು. ಒಂದೊಂದೂ ಚಿಕ್ಕ ಮೊತ್ತವಾಗಿದ್ದರೂ ಎಲ್ಲವೂ ಸೇರಿದಾಗ ಆರನೆಯ ಒಂದು ಭಾಗದ ನಿಯಮ ಹೆಸರಿಗೆ ಮಾತ್ರ ಉಳಿಯಿತು.

ರೈತರ ಪ್ರತಿಭಟನೆ

1680ರ ದಶಕದಲ್ಲಿ ಈ ತೆರಿಗೆಗಳ ವಿರುದ್ಧ ಹಳ್ಳಿಗಳಲ್ಲಿ ಅಸಮಾಧಾನ ಸ್ಫೋಟಗೊಂಡಿತು. 19ನೇ ಶತಮಾನದ ಆರಂಭದಲ್ಲಿ ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್ ಸಂಗ್ರಹಿಸಿದ ವೃತ್ತಾಂತದ ಪ್ರಕಾರ, ರೈತರು ಉಳುವುದನ್ನು ನಿಲ್ಲಿಸಿ, ಊರಬಾಗಿಲ ಮರಕ್ಕೆ ನೇಗಿಲನ್ನು ತಲೆಕೆಳಗಾಗಿ ತೂಗುಹಾಕಿದರು. ತೆರಿಗೆ ಇಳಿಯದಿದ್ದರೆ ಉಳುಮೆಯಿಲ್ಲ, ಊರು ಬಿಟ್ಟು ಹೋಗುವುದೇ ಸರಿ ಎಂಬುದು ಅದರ ಅರ್ಥವಾಗಿತ್ತು. ಹಳ್ಳಿಗಳಲ್ಲಿ ಗೌರವದ ಸ್ಥಾನ ಹೊಂದಿದ್ದ ಜಂಗಮರು ರೈತರ ಬೆನ್ನಿಗೆ ನಿಂತರು. ಅರಸನು ನಂಜನಗೂಡಿನಲ್ಲಿ ಸಭೆಯ ನೆಪದಿಂದ ಜಂಗಮರನ್ನು ಕರೆಸಿ, ನಾಲ್ಕು ನೂರು ಮಂದಿಯನ್ನು ಕೊಲ್ಲಿಸಿದನೆಂದೂ ಅನೇಕ ಮಠಗಳನ್ನು ನಾಶಪಡಿಸಿದನೆಂದೂ ಆ ವೃತ್ತಾಂತ ಹೇಳುತ್ತದೆ. ಘಟನೆ ನಡೆದು ನೂರಕ್ಕೂ ಹೆಚ್ಚು ವರ್ಷಗಳ ನಂತರ ಬರೆದಿಟ್ಟ ಈ ಸಂಖ್ಯೆಗಳನ್ನು ಕೆಲವು ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ತೆರಿಗೆಯ ಭಾರದಿಂದ ದಂಗೆಯೆದ್ದು ಅದನ್ನು ಬಲಪ್ರಯೋಗದಿಂದ ಅಡಗಿಸಲಾಯಿತು ಎಂಬುದು ಸಾಮಾನ್ಯವಾಗಿ ಅಂಗೀಕೃತವಾಗಿದೆ.

ಜನರ ಕೋಪ ಪ್ರಧಾನಿ ವಿಶಾಲಾಕ್ಷ ಪಂಡಿತನ ಮೇಲೆ ತಿರುಗಿತು. ಕೆಲಕಾಲದಲ್ಲೇ ಆತನ ಕೊಲೆಯಾಯಿತು. ಸಾಯುವ ಮುನ್ನ ಆತ ತಿರುಮಲಾರ್ಯನ ಹೆಸರನ್ನು ಸೂಚಿಸಿದನೆಂದು ಹೇಳಲಾಗಿದೆ. ತಿರುಮಲಾರ್ಯನೇ ಮುಂದಿನ ಪ್ರಧಾನಿಯಾದನು.

ನವಕೋಟಿ ನಾರಾಯಣ

ಪ್ರತಿದಿನ ಎರಡು ಸಾವಿರ ವರಹಗಳು ಮೀಸಲು ಬೊಕ್ಕಸಕ್ಕೆ ಸೇರಿದ ಮೇಲೆಯೇ ಅರಸನು ಊಟ ಮಾಡುತ್ತಿದ್ದನು, ಸೀಮೆಗಳಿಂದ ಹಣ ಬರುವುದು ತಡವಾದರೆ ಉಪವಾಸವಿರುತ್ತಿದ್ದನು ಎಂಬ ಕಥೆ ಪ್ರಸಿದ್ಧವಾಗಿದೆ. ಮರಣಕಾಲಕ್ಕೆ ಬೊಕ್ಕಸದಲ್ಲಿ ಒಂಬತ್ತು ಕೋಟಿ ವರಹಗಳಿದ್ದವೆಂಬುದು ಬಿರುದಿನ ಅರ್ಥ. ಆದರೆ ದಿನಕ್ಕೆ ಎರಡು ಸಾವಿರದಂತೆ 31 ವರ್ಷ ಒಂದು ದಿನವೂ ತಪ್ಪದೆ ಕೂಡಿಟ್ಟರೂ ಮೊತ್ತ ಸುಮಾರು 2 ಕೋಟಿ 26 ಲಕ್ಷ ವರಹವಾಗುತ್ತದೆ. ಆದ್ದರಿಂದ ನವಕೋಟಿ ಎಂಬುದನ್ನು ಲೆಕ್ಕದ ಅಂಕಿಯೆಂದು ತಿಳಿಯದೆ ಅಪಾರ ಸಂಪತ್ತಿನ ಸೂಚಕವೆಂದು ತಿಳಿಯುವುದು ಯುಕ್ತ.

ಸಾಹಿತ್ಯ ಮತ್ತು ನಿರ್ಮಾಣಗಳು

ಚಿಕ್ಕದೇವರಾಜನ ಆಸ್ಥಾನವು ಕನ್ನಡ ಸಾಹಿತ್ಯದ ಪ್ರಮುಖ ಕೇಂದ್ರವಾಗಿತ್ತು. ಚಿಕ್ಕದೇವರಾಜ ಬಿನ್ನಪ, ಗೀತಗೋಪಾಲ ಕೃತಿಗಳು ಅರಸನ ಹೆಸರಿನಲ್ಲಿವೆ. ತಿರುಮಲಾರ್ಯನ ಅಪ್ರತಿಮವೀರಚರಿತೆ, ಸಿಂಗರಾರ್ಯನ ಮಿತ್ರವಿಂದಾ ಗೋವಿಂದ ಇದೇ ಕಾಲದವು. ಮಿತ್ರವಿಂದಾ ಗೋವಿಂದವು ಉಪಲಬ್ಧವಾದ ಮೊದಲ ಕನ್ನಡ ನಾಟಕವೆಂದು ಪರಿಗಣಿತವಾಗಿದೆ. ಅಂತಃಪುರದಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಕೆಲಸದಲ್ಲಿದ್ದ ಸಂಚಿಯ ಹೊನ್ನಮ್ಮ ಹದಿಬದೆಯ ಧರ್ಮವನ್ನು ರಚಿಸಿದಳು. ಕಾವೇರಿಯಿಂದ ತೆಗೆದ ಚಿಕ್ಕದೇವರಾಯ ಸಾಗರ ನಾಲೆ ಇಂದಿಗೂ ಈತನ ಹೆಸರನ್ನು ಹೊತ್ತಿದೆ. ಬೆಂಗಳೂರಿನ ಕೋಟೆ ವೆಂಕಟರಮಣ ದೇವಾಲಯ, ಗುಂಡ್ಲುಪೇಟೆಯ ಪರವಾಸುದೇವ ದೇವಾಲಯಗಳೂ ಈತನ ಕಾಲದವು.

ಮರಣಾನಂತರ

1704ರ ನವೆಂಬರ್ 16ರಂದು ಚಿಕ್ಕದೇವರಾಜನು ನಿಧನನಾದನು. ಹುಟ್ಟಿನಿಂದ ಕಿವುಡನೂ ಮೂಗನೂ ಆಗಿದ್ದ ಮಗ ಇಮ್ಮಡಿ ಕಂಠೀರವ ನರಸರಾಜನು (ಆಳ್ವಿಕೆ 1704–1714) ಮೂಕರಸು ಎಂದು ಹೆಸರಾದನು. ಅಧಿಕಾರ ಕ್ರಮೇಣ ದಳವಾಯಿಗಳ ಕೈ ಸೇರಿತು. ತುಂಬಿದ ಬೊಕ್ಕಸದ ಸುದ್ದಿ ನೆರೆಯವರನ್ನು ಆಕರ್ಷಿಸಿತು. ಆರ್ಕಾಟಿನ ನವಾಬ, ಮರಾಠರು, ಹೈದರಾಬಾದಿನ ನಿಜಾಮರು ಒಬ್ಬರಾದ ಮೇಲೊಬ್ಬರು ದಂಡೆತ್ತಿ ಬಂದು ಕಪ್ಪ ಕೇಳಿದರು. 1755ರಲ್ಲಿ ಸಲಾಬತ್ ಜಂಗನು 56 ಲಕ್ಷ ರೂಪಾಯಿ ಕೇಳಿದಾಗ, ಅರಮನೆಯ ಮತ್ತು ದೇವಾಲಯಗಳ ಒಡವೆಗಳನ್ನು ತೆಗೆದುಕೊಟ್ಟರೂ ಪೂರ್ಣ ಮೊತ್ತ ಕೂಡಲಿಲ್ಲ. ಸಂಬಳ ಬಾಕಿಯಾದ ಸೈನಿಕರು ದಂಗೆಯೆದ್ದರು. ಆ ಬಾಕಿಯನ್ನು ತೀರಿಸುವ ಹೊಣೆ ಹೊತ್ತವನು ಹೈದರಾಲಿ. ಆತನ ಏಳಿಗೆಗೆ ಅದೇ ಮೆಟ್ಟಿಲಾಯಿತು.

ಸಮಕಾಲೀನ ಇಂಗ್ಲೆಂಡಿನೊಡನೆ ಹೋಲಿಕೆ

ಚಿಕ್ಕದೇವರಾಜನು ವರಹಗಳನ್ನು ಕೂಡಿಡುತ್ತಿದ್ದ ಕಾಲದಲ್ಲೇ ಇಂಗ್ಲೆಂಡಿನ ಸರ್ಕಾರ ಬೇರೊಂದು ದಾರಿ ಹಿಡಿದಿತ್ತು. ಫ್ರಾನ್ಸಿನೊಡನೆ ಯುದ್ಧದ ವೆಚ್ಚಕ್ಕಾಗಿ 1694ರಲ್ಲಿ ಬ್ಯಾಂಕ್ ಆಫ್ ಇಂಗ್ಲೆಂಡ್ ಸ್ಥಾಪನೆಯಾಗಿ, ಅದು ಸರ್ಕಾರಕ್ಕೆ 12 ಲಕ್ಷ ಪೌಂಡುಗಳನ್ನು ಶೇಕಡಾ 8ರ ಬಡ್ಡಿಗೆ ಸಾಲ ಕೊಟ್ಟಿತು. ಪಾರ್ಲಿಮೆಂಟು ಒಪ್ಪಿದ ತೆರಿಗೆಯಿಂದ ಬಡ್ಡಿ ಸಲ್ಲುತ್ತಿತ್ತು. ಅಲ್ಲಿ ರಾಜ್ಯದ ಬಲ ಸಾಲ ಹುಟ್ಟಿಸುವ ನಂಬಿಕೆಯಲ್ಲಿದ್ದರೆ, ಮೈಸೂರಿನಲ್ಲಿ ಅದು ಕೋಟೆಯೊಳಗಿನ ಚಿನ್ನದಲ್ಲಿತ್ತು. ಚಿನ್ನವನ್ನು ಕಾಯಲು ಸಮರ್ಥನಾದ ಅರಸ ಬೇಕು. ಅಂತಹ ಅರಸ ಇಲ್ಲವಾದಾಗ ಅದು ಐವತ್ತು ವರ್ಷಗಳಲ್ಲಿ ಕರಗಿತು.

ಮೌಲ್ಯಮಾಪನ

ಚಿಕ್ಕದೇವರಾಜನು ಬಿಟ್ಟುಹೋದ ಹಣಕ್ಕಿಂತ ಆತ ರೂಪಿಸಿದ ಆಡಳಿತ ಕ್ರಮವೇ ಹೆಚ್ಚು ಕಾಲ ಬಾಳಿತು. ಗಡಿ, ಚಾವಡಿ, ಅಂಚೆಗಳ ಏರ್ಪಾಡು ಹಲವು ಬದಲಾವಣೆಗಳೊಡನೆ ಹೈದರಾಲಿ, ಟಿಪ್ಪು ಮತ್ತು ದಿವಾನ್ ಪೂರ್ಣಯ್ಯನವರ ಕಾಲಕ್ಕೂ ಸಾಗಿಬಂದಿತು. 1868ರಲ್ಲಿ ಪೂರ್ಣಗೊಂಡು, ಈಗ ಕರ್ನಾಟಕ ಉಚ್ಚ ನ್ಯಾಯಾಲಯವಿರುವ ಬೆಂಗಳೂರಿನ ಕೆಂಪು ಕಟ್ಟಡಕ್ಕೆ ಅಠಾರಾ ಕಚೇರಿ ಎಂಬ ಹೆಸರು ನಿಂತಿದೆ. ದಕ್ಷ ಆಡಳಿತಗಾರನೆಂಬ ಕೀರ್ತಿ ಈತನಿಗೆ ಸಲ್ಲುತ್ತದೆ. ಆ ದಕ್ಷತೆಯ ಬೆಲೆಯನ್ನು ತೆತ್ತವರು ಊರಬಾಗಿಲಿಗೆ ನೇಗಿಲನ್ನು ತೂಗುಹಾಕಿದ ರೈತರು ಎಂಬುದೂ ಈತನ ಚರಿತ್ರೆಯ ಭಾಗವೇ ಆಗಿದೆ.