ಹಳೇ ಮೆಷಿನ್‌ಗಳ ಕೈಬಿಡದ ಗ್ಯಾರಿ ಕಿಲ್ಡಾಲ್

ನಮ್ಮಲ್ಲಿ ತುಂಬಾ ಜನರ ಮನೇಲಿ ಒಂದು ಹಳೇ ಲ್ಯಾಪ್‌ಟಾಪ್ ಇದ್ದೇ ಇರುತ್ತೆ. ಚೆನ್ನಾಗೇ ಓಡ್ತಿರುತ್ತೆ, ಆದ್ರೆ ಟಿಪಿಎಂ 2.0 ಇಲ್ಲ, ಪ್ರೊಸೆಸರ್ ಹಳೇದು ಅಂತ ವಿಂಡೋಸ್ 11 ಅದನ್ನು ಒಳಗೇ ಬಿಟ್ಟುಕೊಳ್ಳಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹಾಗಾದ್ರೆ ಒಂದು ಆಪರೇಟಿಂಗ್ ಸಿಸ್ಟಮ್ ಹಳೇ ಹಾರ್ಡ್‌ವೇರ್‌ಗೆ ಎಲ್ಲಿವರೆಗೆ ಜೊತೆ ಕೊಡಬೇಕು? ಸುಮಾರು ಐವತ್ತು ವರ್ಷದ ಹಿಂದೆಯೇ ಈ ಪ್ರಶ್ನೆಗೆ ತಮ್ಮದೇ ರೀತಿಯಲ್ಲಿ ಉತ್ತರ ಕೊಟ್ಟವರು ಗ್ಯಾರಿ ಕಿಲ್ಡಾಲ್.

ಕಿಲ್ಡಾಲ್ ಹುಟ್ಟಿದ್ದು 1942ರ ಮೇ 19ರಂದು, ಅಮೆರಿಕದ ಸಿಯಾಟಲ್‌ನಲ್ಲಿ. ಹಡಗು ನಡೆಸುವವರಿಗೆ ದಾರಿ ಲೆಕ್ಕ ಹಾಕೋದನ್ನು ಕಲಿಸುವ ಶಾಲೆ ಅವರ ಮನೆಯವರದ್ದು. ಗಣಿತದ ಮೇಷ್ಟ್ರಾಗೋಣ ಅಂತ ವಾಷಿಂಗ್ಟನ್ ವಿಶ್ವವಿದ್ಯಾಲಯ ಸೇರಿದವರಿಗೆ ಅಲ್ಲಿ ಕಂಪ್ಯೂಟರ್ ಹುಚ್ಚು ಹತ್ತಿತು. ಆಮೇಲೆ ಕ್ಯಾಲಿಫೋರ್ನಿಯಾದ ಮಾಂಟೆರೆಯಲ್ಲಿರುವ ನೌಕಾಪಡೆಯ ಸ್ನಾತಕೋತ್ತರ ಕಾಲೇಜಿನಲ್ಲಿ ಪಾಠ ಮಾಡಿದರು. 1972ರಲ್ಲಿ ಪಿಎಚ್‌ಡಿ ಪಡೆದರು. ಮುಂದೆ ಕಂಪೈಲರ್ ಸಬ್ಜೆಕ್ಟ್‌ನಲ್ಲಿ ನಾವು ಓದಲಿರುವ ಡೇಟಾ ಫ್ಲೋ ಅನಾಲಿಸಿಸ್‌ನ ಬುನಾದಿಯಲ್ಲಿ ಅವರ ಕೆಲಸವೂ ಇದೆ.

ಆ ಕಾಲಕ್ಕೆ ಇಂಟೆಲ್ ಪುಟ್ಟ ಪುಟ್ಟ ಪ್ರೊಸೆಸರ್‌ಗಳನ್ನು ಮಾಡೋಕೆ ಶುರು ಮಾಡಿತ್ತು. ಕಿಲ್ಡಾಲ್ ಅಲ್ಲಿ ಸಲಹೆಗಾರರಾಗಿ ಕೆಲಸ ಮಾಡಿ, ಆ ಪ್ರೊಸೆಸರ್‌ಗಳಿಗೆಂದೇ ಪಿಎಲ್/ಎಂ ಎನ್ನುವ ಭಾಷೆ ಬರೆದರು. ಬಳಿಕ 8080 ಪ್ರೊಸೆಸರ್‌ಗೆ ಫ್ಲಾಪಿ ಡ್ರೈವ್ ಜೋಡಿಸಿ, ಫೈಲ್‌ಗಳನ್ನು ನೋಡಿಕೊಳ್ಳುವ ಒಂದು ಸಣ್ಣ ಆಪರೇಟಿಂಗ್ ಸಿಸ್ಟಮ್ ಮಾಡಿದರು. ಅದೇ ಸಿಪಿ/ಎಂ. ಇಂಟೆಲ್ ಅದರಲ್ಲಿ ಆಸಕ್ತಿ ತೋರಿಸಲಿಲ್ಲ. ಕಿಲ್ಡಾಲ್ ಮತ್ತು ಅವರ ಹೆಂಡತಿ ಡೊರೊಥಿ ಸೇರಿ 1974ರಲ್ಲಿ ತಮ್ಮದೇ ಕಂಪನಿ ತೆರೆದರು. ಮುಂದೆ ಅದು ಡಿಜಿಟಲ್ ರಿಸರ್ಚ್ ಅಂತ ಹೆಸರಾಯಿತು.

ನಿಜವಾದ ತಲೆನೋವು ಶುರುವಾಗಿದ್ದು ಇಲ್ಲಿಂದ. ಆಗ ಒಂದು ಕಂಪನಿಯ ಕಂಪ್ಯೂಟರ್ ಇದ್ದ ಹಾಗೆ ಇನ್ನೊಂದು ಇರ್ತಿರಲಿಲ್ಲ. ಡಿಸ್ಕ್ ಕಂಟ್ರೋಲರ್ ಬೇರೆ, ಪರದೆ ಬೇರೆ, ಮೆಮೊರಿ ಬೇರೆ. ಪ್ರತಿ ಹೊಸ ಮೆಷಿನ್ ಬಂದಾಗಲೂ ಸಿಪಿ/ಎಂ ಅನ್ನು ಬಿಚ್ಚಿ ತಿದ್ದಬೇಕಿತ್ತು. ಇಮ್ಸಾಯ್ ಅನ್ನೋ ಕಂಪನಿ ತನ್ನ ಮೆಷಿನ್‌ಗೂ ಸಿಪಿ/ಎಂ ಬೇಕು ಅಂತ ಬಂದಾಗ ಕಿಲ್ಡಾಲ್ ಈ ರಗಳೆಗೆ ಒಂದು ಕೊನೆ ಹಾಡಿದರು. ಯಂತ್ರಕ್ಕೆ ಸಂಬಂಧಪಟ್ಟ ಕೋಡನ್ನೆಲ್ಲಾ ಹೊರತೆಗೆದು ಒಂದೇ ಕಡೆ ಇಟ್ಟು, ಅದಕ್ಕೆ ಬಯಾಸ್ ಅಂತ ಹೆಸರಿಟ್ಟರು. ಫೈಲ್ ಹುಡುಕೋದು, ತೆರೆಯೋದು, ಉಳಿಸೋದು ಇತ್ಯಾದಿ ಕೆಲಸ ಮಾಡುವ ಉಳಿದ ಭಾಗ ಎಲ್ಲಾ ಮೆಷಿನ್‌ಗಳಲ್ಲೂ ಒಂದೇ.

ಈ ಬಯಾಸ್ ಎಷ್ಟು ಚಿಕ್ಕದು ಅಂದ್ರೆ, ಸಿಪಿ/ಎಂ 2.2ರಲ್ಲಿ ಅದು ಕೊಡಬೇಕಿದ್ದದ್ದು ಬರೀ 17 ಕೆಲಸಗಳು. ಕೀಬೋರ್ಡಿನಿಂದ ಒಂದು ಅಕ್ಷರ ಓದು, ಪರದೆಗೆ ಒಂದು ಅಕ್ಷರ ಕಳಿಸು, ಡಿಸ್ಕಿನ ಒಂದು ಸೆಕ್ಟರ್ ಓದು, ಇಂಥವು. ಇಷ್ಟನ್ನು ಯಾರು ಬೇಕಾದರೂ ತಮ್ಮ ಮೆಷಿನ್‌ಗೆ ಬರೆದುಕೊಳ್ಳಬಹುದಿತ್ತು. ಅಂದ್ರೆ ಒಂದು ಮೆಷಿನ್‌ಗೆ ಬೆಂಬಲ ಕೊಡಬೇಕಾ ಬೇಡವಾ ಅನ್ನೋ ತೀರ್ಮಾನ ಡಿಜಿಟಲ್ ರಿಸರ್ಚ್ ಒಂದರ ಕೈಯಲ್ಲೇ ಉಳೀಲಿಲ್ಲ. ಆ ಮೆಷಿನ್ ಮೇಲೆ ಪ್ರೀತಿ ಇರೋರು, ಅದನ್ನು ನಂಬಿ ಬದುಕೋರು ಬಯಾಸ್ ಬರೆದುಕೊಂಡರೆ ಸಾಕು, ವರ್ಡ್‌ಸ್ಟಾರ್ ಥರದ ಪ್ರೋಗ್ರಾಂಗಳು ಅದರ ಮೇಲೂ ಓಡ್ತಿದ್ವು.

ಇದಕ್ಕೆ ಬೆಲೆ ತೆರಬೇಕಾಗಿ ಬಂತು, ನಿಜ. 1976ರಲ್ಲಿ ಜೈಲಾಗ್ ಕಂಪನಿಯ ಝಡ್80 ಬಂತು. 8080ಗೆ ಬರೆದ ಪ್ರೋಗ್ರಾಂಗಳು ಅದರಲ್ಲೂ ಓಡ್ತಿದ್ವು, ಜೊತೆಗೆ ಹೆಚ್ಚಿನ ಇನ್‌ಸ್ಟ್ರಕ್ಷನ್‌ಗಳೂ ಇದ್ದವು. ಮಾರ್ಕೆಟ್ ಬಹುಪಾಲು ಝಡ್80 ಕಡೆ ವಾಲಿದ ಮೇಲೂ ಸಿಪಿ/ಎಂ 8080ರ ಇನ್‌ಸ್ಟ್ರಕ್ಷನ್‌ಗಳಲ್ಲೇ ಉಳೀತು. ಹೊಸ ಚಿಪ್ ಇಟ್ಟುಕೊಂಡವರಿಗೆ ಅದರ ಪೂರ್ತಿ ಲಾಭ ಸಿಗಲಿಲ್ಲ, ಹಳೇ ಚಿಪ್‌ನವರು ಮಾತ್ರ ಬೀದಿಗೆ ಬೀಳಲಿಲ್ಲ. 1983ರ ಸಿಪಿ/ಎಂ ಪ್ಲಸ್ ಕೂಡ ಎರಡು ರೂಪದಲ್ಲಿ ಬಂತು: ಹೆಚ್ಚು ಮೆಮೊರಿ ಇರೋ ಹೊಸ ಮೆಷಿನ್‌ಗಳಿಗೆ ಒಂದು, 64 ಕೆಬಿ ಒಳಗಿನವಕ್ಕೆ ಇನ್ನೊಂದು.

ಆದ್ರೆ ಹಳೇದನ್ನು ಕಾಪಾಡಿದರಷ್ಟೇ ಸಾಲದು, ಹೊಸದಕ್ಕೂ ಹೊತ್ತಿಗೆ ಸರಿಯಾಗಿ ತಲುಪಬೇಕು. ಇಂಟೆಲ್‌ನ 16 ಬಿಟ್ 8086 ಬಂದಾಗ ಕಿಲ್ಡಾಲ್ ಎಡವಿದ್ದು ಇಲ್ಲೇ. ಸಿಪಿ/ಎಂ-86 ತಡವಾಯಿತು. ಕಾದು ಕಾದು ಬೇಸತ್ತ ಸಿಯಾಟಲ್ ಕಂಪ್ಯೂಟರ್ ಪ್ರಾಡಕ್ಟ್ಸ್‌ಗಾಗಿ ಟಿಮ್ ಪ್ಯಾಟರ್ಸನ್ 1980ರಲ್ಲಿ ಬೇರೆಯದೇ ಸಿಸ್ಟಮ್ ಬರೆದರು. ಅದೇ ವರ್ಷ ಐಬಿಎಂನವರು ಡಿಜಿಟಲ್ ರಿಸರ್ಚ್‌ಗೆ ಬಂದರು. ಅವತ್ತು ಕಿಲ್ಡಾಲ್ ಮೋಜಿಗೆ ವಿಮಾನ ಹಾರಿಸೋಕೆ ಹೋಗಿದ್ದರು ಅನ್ನೋ ಕಥೆ ನಾವೆಲ್ಲಾ ಕೇಳಿದ್ದೇವೆ, ಆದ್ರೆ ಅವರು ತಮ್ಮ ವಿಮಾನದಲ್ಲಿ ಹೋಗಿದ್ದು ಕೆಲಸದ ಮೇಲೆ. ಮಾತುಕತೆ ಕುದುರಲಿಲ್ಲ. ಪ್ಯಾಟರ್ಸನ್ ಬರೆದಿದ್ದನ್ನು ಕೊಂಡ ಮೈಕ್ರೋಸಾಫ್ಟ್ ಅದನ್ನೇ ಐಬಿಎಂಗೆ ಕೊಟ್ಟಿತು. ಆಮೇಲೆ ಐಬಿಎಂ ಸಿಪಿ/ಎಂ-86 ಅನ್ನೂ ಮಾರಿತು ಅನ್ನಿ, ಆದ್ರೆ ಡಾಸ್‌ಗೆ 40 ಡಾಲರ್, ಇದಕ್ಕೆ 240. ಜನ ಯಾವುದನ್ನು ಕೊಂಡಿರ್ತಾರೆ ಅಂತ ಹೇಳಬೇಕಾಗಿಲ್ಲ. ತಮಾಷೆ ಅಂದ್ರೆ, ಹಳೇ ಸಿಪಿ/ಎಂ ಪ್ರೋಗ್ರಾಂಗಳನ್ನು ಸುಲಭವಾಗಿ ತರೋಕೆ ಆಗಲಿ ಅಂತ ಡಾಸ್ ಕೂಡ ಸಿಪಿ/ಎಂನ ರೀತಿಯನ್ನೇ ಅನುಸರಿಸಿತ್ತು.

ಆಮೇಲೆ ಕಿಲ್ಡಾಲ್ ಕಂಪ್ಯೂಟರ್ ಕ್ರಾನಿಕಲ್ಸ್ ಎಂಬ ಟೀವಿ ಕಾರ್ಯಕ್ರಮವನ್ನು ಸ್ಟುವರ್ಟ್ ಶಿಫೆ ಜೊತೆ ವರ್ಷಗಟ್ಟಲೆ ನಡೆಸಿಕೊಟ್ಟರು. 1991ರಲ್ಲಿ ಡಿಜಿಟಲ್ ರಿಸರ್ಚ್ ನೊವೆಲ್ ಪಾಲಾಯಿತು. 1994ರ ಜುಲೈನಲ್ಲಿ ತಲೆಗೆ ಪೆಟ್ಟಾಗಿ, 11ನೇ ತಾರೀಕು ಕಿಲ್ಡಾಲ್ ತೀರಿಕೊಂಡರು. ಆಗ ಅವರಿಗೆ ಬರೀ 52 ವರ್ಷ.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಲಿನಕ್ಸ್ 2012ರಲ್ಲಿ 386 ಪ್ರೊಸೆಸರನ್ನು ಬಿಡುವ ತೀರ್ಮಾನ ಮಾಡಿತು. 386ನಲ್ಲಿ ಕೆಲವು ಇನ್‌ಸ್ಟ್ರಕ್ಷನ್‌ಗಳೇ ಇರಲಿಲ್ಲ, ಅದೊಂದಕ್ಕಾಗಿ ಕರ್ನಲ್ ಒಳಗೆ ಅಲ್ಲಲ್ಲಿ ಬಳಸುದಾರಿ ಇಟ್ಟುಕೊಂಡು ಬರಬೇಕಿತ್ತು. ಆ ಹೊರೆ ಎಲ್ಲರ ತಲೆ ಮೇಲೂ ಬೀಳ್ತಿತ್ತು. ಅಂಥದ್ದನ್ನು ಬಿಟ್ಟರೆ ತಪ್ಪು ಅನ್ನೋಕೆ ನಮಗೂ ಆಗಲ್ಲ. ಆದ್ರೆ ಹಳೇ ಮೆಷಿನ್‌ನ ಕೋಡ್ ಬೇರೆಯಾಗಿ ಒಂದು ಮೂಲೇಲಿದ್ದು, ಅದನ್ನು ನೋಡಿಕೊಳ್ಳೋಕೆ ಒಬ್ಬರಾದರೂ ತಯಾರಿದ್ದರೆ, ಕಿತ್ತು ಹಾಕೋ ಅವಸರ ಯಾಕೆ? ಮೆಷಿನ್‌ಗೆ ಎಷ್ಟು ವಯಸ್ಸಾಯ್ತು ಅಂತ ಕೇಳೋದಕ್ಕಿಂತ ಅದರ ಹೊರೆ ಎಲ್ಲಿದೆ, ಯಾರು ಹೊರ್ತಿದ್ದಾರೆ ಅಂತ ಕೇಳೋದು ಸರಿ ಅನ್ಸುತ್ತೆ.

ಇವತ್ತಿನ ಲ್ಯಾಪ್‌ಟಾಪ್‌ಗಳಲ್ಲಿ ಇರೋದು ಯುಇಎಫ್‌ಐ. ಆದರೂ ಆನ್ ಮಾಡುವಾಗ ಎಫ್2 ಒತ್ತಿ ನಾವು ಬಯಾಸ್‌ಗೆ ಹೋಗ್ತೀವಿ ಅಂತಲೇ ಹೇಳ್ತೀವಿ. ಆ ಹೆಸರು ಗ್ಯಾರಿ ಕಿಲ್ಡಾಲ್ ಇಟ್ಟಿದ್ದು ಅನ್ನೋದು ನೆನಪಿರಲಿ.