ನಿರಾಶ್ರಿತರ ಕೈಗೆ ಕೆಲಸವಿತ್ತ ಮಂಗಳೂರಿನ ಮಗಳು

ಕರಕುಶಲ ಕಲೆಗಳನ್ನು ಪುನರುದ್ಧಾರಗೊಳಿಸಿದ ಮಹಿಳೆಯೆಂದು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರನ್ನು ಬಲ್ಲವರು ಬಹುಮಂದಿ. ದೇಶವಿಭಜನೆಯ ಕಾಲದಲ್ಲಿ ಮನೆಮಾರು ಕಳೆದುಕೊಂಡು ಬಂದವರಿಗೆ ಸರ್ಕಾರವು ನೀಡುತ್ತಿದ್ದ ವಸತಿ ಮತ್ತು ನೆರವಿನ ಕ್ರಮವನ್ನೇ ತಿದ್ದಲು ಅವರು ಪಟ್ಟ ಶ್ರಮವನ್ನು ಬಲ್ಲವರು ವಿರಳ. ಪರಸ್ಥಳದಲ್ಲಿ ದುಡಿದು ಬಾಳುವ ನಮ್ಮ ವಾಚಕರಿಗೆ ಅದನ್ನು ತಿಳಿಸುವುದು ಯುಕ್ತವೆಂದು ಭಾವಿಸಿದ್ದೇವೆ.

ಕಮಲಾದೇವಿಯವರು 1903ರ ಏಪ್ರಿಲ್ 3ರಂದು ಮಂಗಳೂರಿನ ಸಾರಸ್ವತ ಕುಟುಂಬದಲ್ಲಿ ಜನಿಸಿದರು. ತಂದೆ ಅನಂತಯ್ಯ ಧಾರೇಶ್ವರರು ಸರ್ಕಾರಿ ಅಧಿಕಾರಿಗಳು; ತಾಯಿ ಗಿರಿಜಾಬಾಯಿ. ಕಮಲಾದೇವಿಯವರು ಬಾಲಕಿಯಾಗಿದ್ದಾಗಲೇ ತಂದೆ ತೀರಿಕೊಂಡರು. ಉಯಿಲು ಇಲ್ಲದುದರಿಂದ ಆಸ್ತಿಯು ಮೊದಲ ಹೆಂಡತಿಯ ಮಗನ ಪಾಲಾಯಿತು. ತಮಗೆ ಗೊತ್ತುಮಾಡಿದ ಮಾಸಾಶನವನ್ನು ಗಿರಿಜಾಬಾಯಿಯವರು ನಿರಾಕರಿಸಿ, ತವರಿನ ಸ್ವತ್ತಿನಿಂದಲೇ ಸಂಸಾರ ಸಾಗಿಸಿದರು. ಪರರ ಕೈ ನೋಡಿ ಬಾಳುವ ಕಷ್ಟವೇನೆಂಬುದನ್ನು ಮಗಳು ಅಂದೇ ಅರಿತಿರಬೇಕೆಂದು ನಮಗೆ ತೋರುತ್ತದೆ.

ಬಾಲವಿಧವೆಯಾದ ಅವರು ಕವಿ ಹರೀಂದ್ರನಾಥ ಚಟ್ಟೋಪಾಧ್ಯಾಯರನ್ನು ವಿವಾಹವಾದರು. 1926ರಲ್ಲಿ ಮದರಾಸಿನ ಶಾಸನಸಭೆಯ ಚುನಾವಣೆಗೆ ನಿಂತು ಅಲ್ಪ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಮುಂಬಯಿಯ ಬೀದಿಗಳಲ್ಲಿ ಉಪ್ಪು ಮಾರಿ ಸೆರೆಮನೆ ಸೇರಿದರು.

1947ರಲ್ಲಿ ಸ್ವಾತಂತ್ರ್ಯದೊಡನೆ ವಿಭಜನೆಯೂ ಬಂದಿತು. ಲಕ್ಷಾಂತರ ಜನರು ದೆಹಲಿ, ಕುರುಕ್ಷೇತ್ರಗಳ ಶಿಬಿರಗಳನ್ನು ತುಂಬಿದರು. ನಾವು ಹೊಟ್ಟೆಪಾಡಿಗಾಗಿ ಊರು ಬಿಟ್ಟವರು. ಹಬ್ಬಕ್ಕೋ ಮದುವೆಗೋ ಹಿಂದಿರುಗಬಲ್ಲೆವು. ಅವರಿಗೆ ಹಿಂದಿರುಗಲು ಊರೇ ಉಳಿದಿರಲಿಲ್ಲ. ಸರ್ಕಾರವು ಡೇರೆಯನ್ನೂ ರೇಷನ್ನನ್ನೂ ಒದಗಿಸಿತು. ಪ್ರಾಣ ಉಳಿಯಲು ಅದು ಅವಶ್ಯವಾಗಿತ್ತು. ಆದರೆ ಅಂಗಡಿ, ಹೊಲ, ಕಸಬುಗಳನ್ನು ನಡೆಸಿದ್ದ ಜನರು ದಿನವೂ ಸಾಲಿನಲ್ಲಿ ನಿಂತು ಕೈಚಾಚುವುದೇ ಬದುಕಾದರೆ ಗತಿಯೇನು? ಕಮಲಾದೇವಿಯವರನ್ನು ಕಾಡಿದ ಚಿಂತೆ ಇದು.

1948ರಲ್ಲಿ ಅವರು ಭಾರತೀಯ ಸಹಕಾರಿ ಒಕ್ಕೂಟವನ್ನು ಸ್ಥಾಪಿಸಿದರು. ದೆಹಲಿಯ ಹೊರವಲಯದ ಛತ್ತರ್‌ಪುರದಲ್ಲಿ ನಿರಾಶ್ರಿತರು ಕೂಡಿ ಬೇಸಾಯ ಮಾಡುವ ವ್ಯವಸ್ಥೆ ನಡೆಯಿತು. 1949ರಲ್ಲಿ ವಾಯವ್ಯ ಗಡಿನಾಡಿನಿಂದ ಬಂದ ಸಾವಿರಾರು ಜನರಿಗಾಗಿ ಫರೀದಾಬಾದ್ ನಗರವನ್ನು ಕಟ್ಟಲು ಬಾಬು ರಾಜೇಂದ್ರಪ್ರಸಾದರ ಅಧ್ಯಕ್ಷತೆಯಲ್ಲಿ ಮಂಡಳಿಯೊಂದು ರಚಿತವಾಯಿತು. ಪ್ರಧಾನಿ ನೆಹರೂರವರೂ ಅದರಲ್ಲಿ ಆಸಕ್ತಿ ವಹಿಸಿದರು. ಕಂತ್ರಾಟುದಾರರು ಕಟ್ಟಿಕೊಟ್ಟ ಮನೆಗಳಲ್ಲಿ ನಿರಾಶ್ರಿತರನ್ನು ಕೂರಿಸುವ ಬದಲು, ಅವರೇ ಸಹಕಾರ ಸಂಘಗಳಾಗಿ ಸೇರಿ ಕೂಲಿ ಪಡೆದು ತಮ್ಮ ಮನೆಗಳನ್ನು ಕಟ್ಟಲಿ ಎಂಬುದು ಒಕ್ಕೂಟದ ವಾದ. ಹಿಂದೆಂದೂ ಕರಣೆ ಹಿಡಿಯದವರು ಕೆಲಸ ಕಲಿತರು. ಇಟ್ಟಿಗೆ ಹೊತ್ತರು, ಗೋಡೆ ಎಬ್ಬಿಸಿದರು. ಸಾವಿರಾರು ಮನೆಗಳೂ ಶಾಲೆಗಳೂ ಆಸ್ಪತ್ರೆಯೂ ಎದ್ದುನಿಂತವು.

ಕಾರ್ಯವು ಸುಗಮವಾಗಿ ಸಾಗಿತೆಂದಲ್ಲ. ಇಲಾಖೆಗಳ ಅಪನಂಬಿಕೆ ಆರಂಭದಿಂದಲೂ ಇತ್ತು; ಆಡಳಿತವು ಪೂರ್ತಿಯಾಗಿ ಅವುಗಳ ಕೈಸೇರಿದ ಬಳಿಕ ಸಹಕಾರ ಸಂಘಗಳು ಸೊರಗಿದವು. ನಗರ ಬೆಳೆಯಿತು, ಅದನ್ನು ಕಟ್ಟಿದ ರೀತಿ ಬೆಳೆಯಲಿಲ್ಲ. ಕಮಲಾದೇವಿಯವರು ಎದೆಗುಂದಲಿಲ್ಲ. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಹೊಣೆ ಹೊತ್ತು, ಅದೇ ತತ್ತ್ವವನ್ನು ನೇಕಾರ ಕುಂಬಾರರ ಮನೆಗಳಿಗೆ ಒಯ್ದರು. 1966ರಲ್ಲಿ ಮ್ಯಾಗ್ಸೇಸೆ ಪ್ರಶಸ್ತಿಯು ಅವರನ್ನು ಅರಸಿ ಬಂದಿತು. 1988ರ ಅಕ್ಟೋಬರ್ 29ರಂದು ಮುಂಬಯಿಯಲ್ಲಿ ನಿಧನರಾದರು.

ಇಂದಿಗೂ ಜಗತ್ತಿನ ಅನೇಕ ಸರ್ಕಾರಗಳು ಆಶ್ರಯ ಬೇಡಿ ಬಂದವರಿಗೆ ಸೂರನ್ನಿತ್ತು ದುಡಿಮೆಯನ್ನು ತಡೆಯುತ್ತವೆ. ಬಳಿಕ ಅವರನ್ನೇ ಹೊರೆಯೆಂದು ಹಳಿಯುತ್ತವೆ. ಬಂದವನಿಗೆ ಮೊದಲು ಅನ್ನವಿಡಬೇಕು, ನಿಜ. ಆದರೆ ಮರುದಿನವೇ ಅವನ ಕೈಗೆ ಕೆಲಸವನ್ನೂ ಕೊಡಬೇಕು. ದುಡಿದು ಉಣ್ಣುವ ನಮ್ಮ ವಾಚಕರಿಗೆ ಈ ಮಾತನ್ನು ಹೆಚ್ಚು ವಿವರಿಸಬೇಕಾಗಿಲ್ಲ.